ಕ್ವಾರಿ ಊರಿನ ಪಿಎಚ್‌ಸಿಯಲ್ಲಿ ಸಾಮಾಜಿಕ ನ್ಯಾಯ ಎಲ್ಲಿಂದ ಶುರು?

ಇಳಕಲ್ ಸುತ್ತಿನ ಕ್ವಾರಿ ಊರಿನ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ (ಪಿಎಚ್‌ಸಿ) ವೈದ್ಯರಾಗಿ ಪೋಸ್ಟಿಂಗ್ ಆಗಿದೆ, ಓಪಿಡಿ ತುಂಬಿ ತುಳುಕುತ್ತದೆ, ಇದರ ನಡುವೆ ‘ಸೋಷಿಯಲ್ ಮೆಡಿಸಿನ್ (ರೋಗದ ಹಿಂದಿನ ಬದುಕು, ಕೆಲಸವನ್ನೂ ನೋಡುವ ವೈದ್ಯಶಾಸ್ತ್ರ) ಅಂದ್ರೆ ಸಾಮಾಜಿಕ ನ್ಯಾಯ’ ಅನ್ನೋದನ್ನ ಹೇಗೆ ಮಾಡಲಿ ಅಂತ ಕೇಳಿದ್ದೀರಿ. ನನ್ನ ಉತ್ತರ: ಓಪಿಡಿ ಚೀಟಿಯಿಂದಲೇ ಶುರು ಮಾಡಿ. ಹೆಸರು, ವಯಸ್ಸಿನ ಕೆಳಗೆ ಕೆಲಸ ಏನೆಂದು ಬರೆಯಿರಿ. ಹೊಸ ಮಾತೇನಲ್ಲ, ಇಟಲಿಯ ವೈದ್ಯ ರಾಮಜ್ಜಿನಿ 1700ರಲ್ಲೇ ವೈದ್ಯರಿಗೆ ಹೇಳಿದ್ದು ಇದನ್ನೇ.

‘ಕೂಲಿ’ ಅಂತ ಬರೆದು ಬಿಟ್ಟರೆ ಮಾತ್ರ ಉಪಯೋಗವಿಲ್ಲ. ಜಾಕ್‌ಹ್ಯಾಮರ್ ಹಿಡಿದು ತೂತು ಕೊರೆಯುತ್ತಾರೋ, ಕ್ರಷರ್‌ಗೆ ಕಲ್ಲು ತುಂಬುತ್ತಾರೋ, ಪಾಲಿಶ್ ಮಾಡುತ್ತಾರೋ, ಉಳಿ ಹಿಡಿದು ಒಳಕಲ್ಲು ಕೆತ್ತುತ್ತಾರೋ? ಎಷ್ಟು ವರ್ಷದಿಂದ? ಯಾವ ಯಾವ ಊರಲ್ಲಿ? ನೀರು ಬಿಟ್ಟು ಕೊರೆಯುತ್ತಾರೋ, ಒಣಗಿದ್ದಕ್ಕೇ ಹಚ್ಚುತ್ತಾರೋ? ಬಾದಾಮಿ ಕಡೆಯ ಮರಳುಗಲ್ಲಿನಲ್ಲಿ ಸಿಲಿಕಾ (ದೂಳಾಗಿ ಒಳಹೊಕ್ಕರೆ ಶ್ವಾಸಕೋಶ ಕೆಡಿಸುವ ಖನಿಜ) ಇಳಕಲ್ ಗ್ರಾನೈಟಿಗಿಂತ ಹೆಚ್ಚು, ಹಾಗಾಗಿ ಕಲ್ಲು ಯಾವುದು ಅನ್ನೋದೂ ಮುಖ್ಯ.

ಇದು ಯಾಕೆ ಬೇಕು ಅಂದರೆ, ಕಲ್ಲು ಕೆಲಸದವನ ಸಿಲಿಕೋಸಿಸ್, ಅಂದರೆ ಸಿಲಿಕಾ ದೂಳಿನಿಂದ ಬರುವ ಶ್ವಾಸಕೋಶದ ಕಾಯಿಲೆ, ಎಕ್ಸ್‌ರೇಯಲ್ಲಿ ಟಿಬಿ ಥರಾನೇ ಕಾಣುತ್ತದೆ. ಎರಡೂ ಕಡೆ, ಮೇಲ್ಭಾಗದಲ್ಲಿ, ಸಣ್ಣ ಸಣ್ಣ ದುಂಡನೆ ಕಲೆಗಳು. ಕಫದಲ್ಲಿ ಏನೂ ಸಿಗದಿದ್ದರೂ ‘ಕ್ಲಿನಿಕಲ್ ಟಿಬಿ’ ಎಂದು ಆರು ತಿಂಗಳ ಔಷಧ ಹಾಕುತ್ತಾರೆ. ದಮ್ಮು ಹೋಗೋದಿಲ್ಲ. ಮುಂದಿನ ವರ್ಷ ಬೇರೆ ಆಸ್ಪತ್ರೆ, ಮತ್ತೆ ಅದೇ ಕೋರ್ಸ್. ಜ್ವರ, ತೂಕ ಇಳಿಯೋದು ಅಷ್ಟಾಗಿ ಇಲ್ಲದೆ ಎಕ್ಸ್‌ರೇ ಮಾತ್ರ ಕೆಟ್ಟದಾಗಿದ್ದರೆ ಅಲ್ಲೇ ಅನುಮಾನ ಬರಬೇಕು. ಹಾಗಂತ ಟಿಬಿ ಇಲ್ಲವೇ ಇಲ್ಲ ಅಂತಲೂ ಕೈಬಿಡಬೇಡಿ. ಸಿಲಿಕಾ ಹೊಕ್ಕ ಶ್ವಾಸಕೋಶಕ್ಕೆ ಟಿಬಿ ಬೇಗ ಹತ್ತುತ್ತದೆ, ಎರಡೂ ಒಟ್ಟಿಗೇ ಇರಬಹುದು. ಪ್ರತಿ ಸಲ ಕಫ ಟ್ರೂನಾಟ್ ಅಥವಾ ಸಿಬಿನಾಟ್‌ಗೆ (ಟಿಬಿ ರೋಗಾಣುವಿನ ಜೀನ್ ಹುಡುಕುವ ಪರೀಕ್ಷೆಗಳು) ಹೋಗಲಿ. ಜಿಲ್ಲಾಸ್ಪತ್ರೆಗೆ ರೆಫರ್ ಮಾಡುವಾಗ ಕೆಲಸದ ಇತಿಹಾಸ ಚೀಟಿಯ ಮೇಲೇ ಇರಲಿ, ಬಾಯಲ್ಲಿ ಹೇಳಿ ಕಳಿಸಿದರೆ ದಾರಿಯಲ್ಲೇ ಉದುರಿಹೋಗುತ್ತದೆ.

ಈಗ ನ್ಯಾಯದ ಮಾತಿಗೆ ಬರೋಣ. ಸಿಲಿಕೋಸಿಸ್ ಗುಣವಾಗೋದಿಲ್ಲ. ಉಳಿದಿದ್ದು ದೂಳು ನಿಲ್ಲಿಸೋದು ಮತ್ತು ಪರಿಹಾರ ಕೊಡಿಸೋದು. ಪರಿಹಾರಕ್ಕೆ ಆ ಕೆಲಸ ಮಾಡಿದ್ದಕ್ಕೆ ಪುರಾವೆ ಬೇಕು, ಮೇಸ್ತ್ರಿ ಮೂಲಕ ತುಂಡುಗುತ್ತಿಗೆಯಲ್ಲಿ ದುಡಿದವನ ಹತ್ತಿರ ಮಸ್ಟರ್ ರೋಲೂ (ಹಾಜರಿ ಪಟ್ಟಿ) ಇಲ್ಲ, ಪಗಾರ ಚೀಟಿಯೂ ಇಲ್ಲ. ತಾರೀಖು, ಸೀಲು ಇರುವ ನಿಮ್ಮ ಓಪಿಡಿ ಚೀಟಿಯೇ ಎಷ್ಟೋ ಸಲ ಅವನ ಕೈಯಲ್ಲಿರುವ ಒಂದೇ ದಾಖಲೆ. ರಾಜಸ್ಥಾನ 2019ರಲ್ಲಿ ನೀತಿ ತಂದು ಸಿಲಿಕೋಸಿಸ್ ಪ್ರಮಾಣಪತ್ರ ಸಿಕ್ಕ ಕಾರ್ಮಿಕನಿಗೆ 3 ಲಕ್ಷ, ಸತ್ತರೆ ಕುಟುಂಬಕ್ಕೆ 2 ಲಕ್ಷ ರೂಪಾಯಿ ನಿಗದಿ ಮಾಡಿತು. ಅಲ್ಲೂ ಆ ಪ್ರಮಾಣಪತ್ರಕ್ಕೆ ವೈದ್ಯರ ಬರಹ ಬೇಕೇ ಬೇಕು.

ದೂಳಿನ ವಿಷಯ. ಶ್ವಾಸಕೋಶದ ಆಳಕ್ಕೆ ಇಳಿಯುವ ಕಣ ಸುಮಾರು 4 ಮೈಕ್ರಾನ್‌ಗಿಂತ ಸಣ್ಣದು, ಕಣ್ಣಿಗೆ ಕಾಣೋದಿಲ್ಲ. ಬಾಯಿಗೆ ಟವೆಲ್ ಕಟ್ಟಿದರೆ ದಪ್ಪ ದೂಳು ಮಾತ್ರ ತಡೆಯುತ್ತದೆ. ನಿಜವಾದ ತಡೆ ಡ್ರಿಲ್ ತುದಿಗೆ ನೀರು. ಬೇಸಿಗೆಯಲ್ಲಿ ಟ್ಯಾಂಕರ್ ದುಬಾರಿಯಾದರೆ ಮೊದಲು ನಿಲ್ಲೋದು ಇದೇ ನೀರು (ಮಾಲೀಕರ ಜತೆ ಮಾತಾಡುವಾಗ ಟ್ಯಾಂಕರ್ ಲೆಕ್ಕ ಹಿಡಿದೇ ಮಾತಾಡಿ). ಪಾಲಿಶ್ ಕಡೆ ನೀರು ಇರುತ್ತದೆ, ಆದರೆ ನೆಲದ ಕೆಸರು ಒಣಗಿದ ಮೇಲೆ ಪೊರಕೆ ಹಾಕಿದರೆ ಅದೇ ಮತ್ತೆ ಏಳುತ್ತದೆ, ಹಸಿ ಇದ್ದಾಗಲೇ ತೊಳೆದು ತೆಗೆಯಬೇಕು. ಎಲ್ಲಕ್ಕಿಂತ ಕೆಟ್ಟದ್ದು ಸಂಜೆ ಕಂಪ್ರೆಸರ್ ಗಾಳಿಯಿಂದ ಅಂಗಿ ಝಾಡಿಸೋದು. ಅದನ್ನ ಖರ್ಚಿಲ್ಲದೆ ನಾಳೆಯೇ ನಿಲ್ಲಿಸಬಹುದು.

ಒಂದು ಎಚ್ಚರಿಕೆ. ರೋಗಿಗಳ ಹೆಸರು ಮಾಲೀಕನಿಗೆ ಗೊತ್ತಾದರೆ ಮರುದಿನ ‘ನೀ ಬರಬ್ಯಾಡ’ ಅಂತಾನೆ. ಆದ್ದರಿಂದ ಕ್ವಾರಿಯವರಿಗೆ ಕೊಡುವ ವರದಿಯಲ್ಲಿ ಹೆಸರು ಬೇಡ, ಎಷ್ಟು ಜನ, ಯಾವ ಕೆಲಸ ಅಷ್ಟೇ ಸಾಕು. ಹೆಸರಿರುವ ವರದಿ ಸರಕಾರಕ್ಕೆ. ಕಾರ್ಖಾನೆ ಕಾಯ್ದೆಯ ಕಾಲದಿಂದಲೂ ಸಿಲಿಕೋಸಿಸ್ ಅಧಿಸೂಚಿತ ಕಾಯಿಲೆ, ಅಂದರೆ ಕಂಡರೆ ಸರಕಾರಕ್ಕೆ ತಿಳಿಸಲೇಬೇಕಾದದ್ದು. 2020ರ ವೃತ್ತಿ ಸುರಕ್ಷತಾ ಸಂಹಿತೆಯಲ್ಲೂ ನೋಡಿದ ವೈದ್ಯರು ಲಿಖಿತವಾಗಿ ತಿಳಿಸಬೇಕೆಂದಿದೆ. ಕಳಿಸುವ ಮೊದಲು ರೋಗಿಗೆ ವಿಷಯ ಹೇಳಿ. ಆವಕ ಮೊಹರು ಬಿದ್ದ ಒಂದು ಪ್ರತಿ ನಿಮ್ಮ ಫೈಲಿಗೆ, ಇನ್ನೊಂದು ಅವರ ಕೈಗೆ.