ಹಳೇ ಗಾಡಿ, ಹಳೇ ಕನ್ನಡಿ: ಓದುಗರ ಪ್ರಶ್ನೆ, ನಮ್ಮ ಉತ್ತರ

ಈ ಸಲ ಬಂದ ಪತ್ರಗಳಲ್ಲಿ ಸೈಡ್ ಮಿರರ್ ಗೋಳೇ ಜಾಸ್ತಿ. ಮಳೆಗಾಲ ಮುಗಿದು ಕವರ್ ತೆಗೆದಾಗ ಎಲ್ಲರ ಕಣ್ಣಿಗೂ ಅದೇ ಬಿದ್ದಿರಬೇಕು.

ಪ್ರಶ್ನೆ: ನಮಸ್ಕಾರ ಸಾರ್. ಅಪ್ಪ 1986ರಲ್ಲಿ ತಗೊಂಡ ಪ್ರೀಮಿಯರ್ ಪದ್ಮಿನಿ ಇನ್ನೂ ನಮ್ಮ ಹತ್ತಿರ ಇದೆ. ಭಾನುವಾರ ಮಾತ್ರ ಹೊರಗೆ ತೆಗೆಯುತ್ತೇವೆ. ಬಲಗಡೆ ಮಿರರ್‌ನ ಗಾಜು ಅಂಚಿನಿಂದ ಕಪ್ಪಾಗುತ್ತಾ ಬಂದಿದೆ. ಕ್ರೋಮ್ ಮೇಲೆ ಗುಳ್ಳೆ ಎದ್ದಿದೆ. ಸ್ವಲ್ಪ ಸ್ಪೀಡ್ ಹೋದರೆ ಸಾಕು, ತಲೆ ಬಗ್ಗಿಸಿ ರಸ್ತೆ ನೋಡುತ್ತೆ. ಗ್ಯಾರೇಜಿನವರು "ಬಿಸಾಕಿ ಸಾರ್, ಹೊಸಾದು ಹಾಕ್ತೀನಿ" ಅಂತಾರೆ. ಅಪ್ಪ ಬಿಲ್‌ಕುಲ್ ಒಪ್ಪುತ್ತಿಲ್ಲ. ಏನು ಮಾಡಲಿ?
– ಓದುಗರು, ಮುಲುಂಡ್

ಉತ್ತರ: ಅಪ್ಪ ಹೇಳ್ತಿರೋದೇ ಸರಿ. ಬಿಸಾಕಬೇಡಿ. ನೀವು ಬರೆದಿರುವುದು ಒಂದು ತೊಂದರೆ ಅಲ್ಲ, ಮೂರು. ಅದರಲ್ಲಿ ಎರಡನ್ನು ಮನೆಯಲ್ಲೇ ಸರಿ ಮಾಡಬಹುದು.

ಮೊದಲು ಗಾಜು. ಕನ್ನಡಿಯ ಹಿಂದೆ ಬೆಳ್ಳಿಯ ತೆಳು ಲೇಪ, ಅದರ ಮೇಲೆ ಬಣ್ಣ ಇರುತ್ತೆ. ಮುಂಬಯಿಯ ತೇವ ಅಂಚಿನಿಂದ ಒಳಗೆ ನುಗ್ಗಿ ಆ ಬೆಳ್ಳಿಯನ್ನು ಕಪ್ಪು ಮಾಡುತ್ತೆ. ಅದು ಹಿಂದಿನಿಂದ ಆದ ಕಲೆ, ಮುಂದಿನಿಂದ ಏನು ಉಜ್ಜಿದರೂ ಹೋಗಲ್ಲ. ಹಾಗಾಗಿ ಗಾಜು ಬದಲಾಯಿಸಲೇಬೇಕು, ಆದರೆ ಗಾಜು ಮಾತ್ರ.

ಬಿಚ್ಚುವ ಮೊದಲು ಒಂದು ಸ್ಟೀಲ್ ಸ್ಕೇಲನ್ನು ಅಂಚಿನ ಮೇಲೆ ನಿಲ್ಲಿಸಿ ಕನ್ನಡಿಗೆ ಅಡ್ಡ ಇಟ್ಟು ನೋಡಿ. ಪೂರ್ತಿ ಕೂತರೆ ಚಪ್ಪಟೆ ಗಾಜು. ನಡುವೆ ಮುಟ್ಟಿ ಎರಡು ತುದಿಯಲ್ಲೂ ಬೆಳಕು ಕಂಡರೆ ಉಬ್ಬುಗನ್ನಡಿ. ಚಪ್ಪಟೆಯಾದರೆ ಕೆಲಸ ಸುಲಭ, ಯಾವ ಗ್ಲಾಸ್ ಅಂಗಡಿಯಲ್ಲೂ ಕತ್ತರಿಸಿ ಕೊಡ್ತಾರೆ. ಉಬ್ಬಿದ್ದಾದರೆ ಲಾರಿಯ ದೊಡ್ಡ ಉಬ್ಬುಗನ್ನಡಿಯೊಂದನ್ನು ತಂದು ಅದರಿಂದ ಕತ್ತರಿಸಿ ತೆಗೆಸಬೇಕು, ಎಲ್ಲ ಅಂಗಡಿಯವರೂ ಅದಕ್ಕೆ ಕೈ ಹಾಕಲ್ಲ.

ಗಾಜಿನ ಮೇಲೆ ಅಡ್ಡಡ್ಡ ಟೇಪ್ ಅಂಟಿಸಿ, ಒಡೆದರೂ ಚೂರು ಹಾರಬಾರದು. ಕೈಗೆ ಗವಸು ಇರಲಿ. ಸುತ್ತ ರಬ್ಬರ್ ಪಟ್ಟಿ ಇದ್ದರೆ ಬಿಸಿ ನೀರಲ್ಲಿ ನೆನೆಸಿದ ಬಟ್ಟೆ ಇಟ್ಟು ಮೆತ್ತಗೆ ಮಾಡಿ ಎಬ್ಬಿಸಿ. ಅಂಟು ಹಾಕಿದ್ದರೆ ಹೇರ್ ಡ್ರೈಯರ್‌ನಿಂದ ನಿಧಾನಕ್ಕೆ ಬಿಸಿ ಮಾಡಿ, ಮೀನು ಹಿಡಿಯುವ ನೈಲಾನ್ ದಾರವನ್ನು ಹಿಂದೆ ತೂರಿಸಿ ಗರಗಸದ ಹಾಗೆ ಎಳೆಯಿರಿ. ಸ್ಕ್ರೂಡ್ರೈವರ್ ಹಾಕಿ ಮೀಟಬೇಡಿ, ಗಾಜಿನ ಜೊತೆ ಅಂಚಿನ ರಿಂಗೂ ಸೊಟ್ಟಗಾಗುತ್ತೆ, ಆ ರಿಂಗ್ ಹೋದರೆ ಎಲ್ಲಿಂದ ತರ್ತೀರಿ?

ಹಳೇ ಗಾಜಿನ ಆಕಾರವನ್ನು ರಟ್ಟಿನ ಮೇಲೆ ಬರೆದುಕೊಳ್ಳಿ. ದಪ್ಪವನ್ನೂ ಅಳೆಯಿರಿ. 2 ಮಿ.ಮೀ. ಇದ್ದ ಜಾಗಕ್ಕೆ 4 ಮಿ.ಮೀ. ಬಾತ್‌ರೂಮ್ ಕನ್ನಡಿ ಕೂರಲ್ಲ. ಹೊಸ ಗಾಜು ಸುತ್ತಲೂ ಕೂದಲೆಳೆಯಷ್ಟು ಚಿಕ್ಕದಿರಲಿ, ಬಿಗಿಯಾಗಿ ತುರುಕಿದರೆ ಬಿಸಿಲಿಗೆ ಸೀಳು ಬಿಡುತ್ತೆ. ಅಂಚು ಉಜ್ಜಿಸಿ, ಬಣ್ಣವಿಲ್ಲದ ನೇಲ್ ಪಾಲಿಶ್ ಅನ್ನು ಅಂಚಿಗೆ ಎರಡು ಸಲ ಹಚ್ಚಿ. ಇದು ಅಗ್ಗದ ಉಪಾಯ, ಆದರೆ ತೇವ ತಡೆಯುತ್ತೆ. ಇನ್ನು ಅಂಟು. ಸಾದಾ ಸಿಲಿಕೋನ್ ಟ್ಯೂಬ್ ಒತ್ತಿದರೆ ವಿನಿಗರ್ ವಾಸನೆ ಬರುತ್ತಲ್ವಾ, ಅದು ಆಮ್ಲ. ಹೊಸ ಕನ್ನಡಿಯ ಬೆಳ್ಳಿಯನ್ನೂ ಅದು ತಿಂದು ಹಾಕುತ್ತೆ. ನ್ಯೂಟ್ರಲ್ ಸಿಲಿಕೋನ್ ಅಂತ ಕೇಳಿ ತನ್ನಿ.

ಎರಡನೇದು ತಲೆ ಬಗ್ಗಿಸುವುದು. ಅದು ಮಿರರ್ ತಿರುಗುವ ಕೀಲಿನ ಗುಂಡು-ಸ್ಪ್ರಿಂಗ್ ಸಡಿಲವಾಗಿರುವುದರಿಂದ. ಒಳಗಿನ ಸ್ಕ್ರೂ ಜಾಮ್ ಆಗಿದ್ದರೆ ತುಕ್ಕು ಬಿಡಿಸುವ ಡಬ್ಲ್ಯುಡಿ-40 ಸ್ಪ್ರೇ ಹೊಡೆದು ಒಂದು ರಾತ್ರಿ ಬಿಡಿ. ಬಿಚ್ಚಿದ ಮೇಲೆ ಆ ಎಣ್ಣೆಯನ್ನು ಪೂರ್ತಿ ಒರೆಸಿ, ಇಲ್ಲಾಂದ್ರೆ ಇನ್ನೂ ಜಾರುತ್ತೆ. ಗುಂಡನ್ನು ಸಣ್ಣ ಎಮೆರಿ ಕಾಗದದಲ್ಲಿ ಉಜ್ಜಿ, ಹೊಸ ಸ್ಪ್ರಿಂಗ್ ಹಾಕಿ ಬಿಗಿ ಮಾಡಿ. ಗುಂಡೇ ಸವೆದಿದ್ದರೆ ಸೈಕಲ್ ಟ್ಯೂಬಿನ ಚೂರೊಂದನ್ನು ನಡುವೆ ಇಟ್ಟು ನೋಡಿ, ಎಷ್ಟೋ ಸಲ ಅಷ್ಟರಲ್ಲೇ ಮುಗಿಯುತ್ತೆ.

ಮೂರನೇದು ಕ್ರೋಮ್. ಇಲ್ಲಿ ಆತುರ ಬೇಡ. ಒಂದು ಮ್ಯಾಗ್ನೆಟ್ ಹಿಡಿಯಿರಿ. ಅಂಟಿದರೆ ಕಬ್ಬಿಣ, ಧೈರ್ಯವಾಗಿ ಹೊಸ ಕ್ರೋಮ್ ಮಾಡಿಸಿ. ಅಂಟದಿದ್ದರೆ ಒಳಭಾಗದಲ್ಲಿ, ಕಾಣದ ಕಡೆ, ಸ್ವಲ್ಪ ಗೀರಿ ನೋಡಿ. ಹಳದಿ ಕಂಡರೆ ಹಿತ್ತಾಳೆ, ಅದೃಷ್ಟವಂತರು ನೀವು. ಬೂದು ಕಂಡರೆ ಸತುವಿನ ಎರಕ. ಹಳೇ ಕ್ರೋಮ್ ತೆಗೆಯಲು ಆಸಿಡ್‌ನಲ್ಲಿ ಅದ್ದಿದರೆ ಸತುವನ್ನೇ ಆಸಿಡ್ ತಿನ್ನುತ್ತೆ, ಗುಳ್ಳೆ ಇದ್ದ ಕಡೆ ಗುಂಡಿ ಬೀಳುತ್ತೆ, ಅದನ್ನು ಮುಚ್ಚೋಕೆ ಬಫಿಂಗ್ ಮಾಡ್ತಾ ಮಾಡ್ತಾ ಮಿರರ್‌ನ ಗೆರೆಗಳೇ ಅಳಿಸಿ ಹೋಗುತ್ತವೆ. ಸತುವಿಗೆ ಮೊದಲು ತಾಮ್ರ, ಆಮೇಲೆ ನಿಕ್ಕಲ್, ಕೊನೆಗೆ ಕ್ರೋಮ್. ತಾಮ್ರದ ಮಾತೇ ಎತ್ತದ ಅಂಗಡಿಯಿಂದ ಸುಮ್ನೆ ವಾಪಸ್ ಬನ್ನಿ. ನನ್ನ ಕೇಳಿದರೆ, ನಾಲ್ಕು ಗುಳ್ಳೆ ಇದ್ದರೆ ಇರಲಿ ಬಿಡಿ. ಮೇಣದ ಪಾಲಿಶ್ ಹಚ್ಚಿ ಒರೆಸುತ್ತಾ ಇರಿ. 1986ರ ಗಾಡಿ 1986ರ ಹಾಗೇ ಕಂಡರೆ ಏನು ತಪ್ಪು?

ಬೇರೆಯದು ಹುಡುಕಲೇಬೇಕಾದರೆ ಕುರ್ಲಾ ಕಡೆಯ ಹಳೇ ಸ್ಪೇರ್ ಅಂಗಡಿಗಳು, ಚೋರ್ ಬಜಾರ್ ಇವೆ. ನಿಮ್ಮ ಮಿರರ್ ಬಿಚ್ಚಿ ಕೈಯಲ್ಲಿ ಹಿಡಿದುಕೊಂಡೇ ಹೋಗಿ. ಮೊಬೈಲ್ ಫೋಟೊ ತೋರಿಸಿದರೆ "ಸೇಮ್ ಹೈ ಸಾಬ್" ಅಂತ ಯಾವುದೋ ಒಂದನ್ನು ಕೊಡ್ತಾರೆ, ಮನೆಗೆ ಬಂದು ನೋಡಿದರೆ ತೂತುಗಳೇ ಹೊಂದಲ್ಲ. 2023ರ ಅಕ್ಟೋಬರ್ ಕೊನೆಗೆ ಪದ್ಮಿನಿ ಟ್ಯಾಕ್ಸಿಗಳು ಮುಂಬಯಿ ರಸ್ತೆಯಿಂದ ಹೋದವು. ಟ್ಯಾಕ್ಸಿ ಓಡ್ತಿದ್ದಾಗ ಈ ಸಾಮಾನಿಗೆ ದಿನಾ ಗಿರಾಕಿ ಇದ್ದರು, ಈಗ ನಿಮ್ಮಂಥ ಭಾನುವಾರದ ಗಿರಾಕಿಗಳೇ. ಒಳ್ಳೆಯದು ಕಂಡರೆ ಒಂದು ಎಕ್ಸ್‌ಟ್ರಾ ತೆಗೆದಿಡಿ.

ಪ್ರಶ್ನೆ: ನಮ್ಮ ಮಾವನವರ ಫಿಯಟ್‌ಗೆ ಎಡಗಡೆ ಮಿರರೇ ಇಲ್ಲ. ಪುಣೆಯಲ್ಲಿ ಬೈಕ್‌ಗಳು ಎಲ್ಲಿಂದ ನುಗ್ಗುತ್ತವೋ ಗೊತ್ತಾಗಲ್ಲ. ಆದರೆ ಮೂಲ ಬಾಡಿಗೆ ತೂತು ಕೊರೆಯಲು ಮನಸ್ಸಿಲ್ಲ.
– ಓದುಗರು, ಕೋಥ್ರೂಡ್

ಉತ್ತರ: ಮನಸ್ಸು ಮಾಡಿ. ಗಾಡಿ ಪ್ರದರ್ಶನಕ್ಕೆ ಮಾತ್ರ ಇದ್ದರೆ ಬೇರೆ ಮಾತು, ಪುಣೆಯ ಟ್ರಾಫಿಕ್ಕಿನಲ್ಲಿ ಓಡಿಸುವವರಿಗೆ ಎಡಗಡೆ ಕಣ್ಣು ಬೇಕೇ ಬೇಕು. ಬಾಗಿಲ ಅಂಚಿಗೆ ಕಚ್ಚಿಸುವ, ತೂತು ಬೇಡದ ಮಿರರ್‌ಗಳೂ ಇವೆ. ಆದರೆ ಅಲುಗಾಡುತ್ತವೆ, ಕಚ್ಚಿದ ಕಡೆ ಬಣ್ಣ ಎದ್ದು ಅಲ್ಲಿಂದಲೇ ತುಕ್ಕು ಶುರು.

ಕೊರೆಯುವ ಮುಂಚೆ ಮಾವನವರನ್ನು ಡ್ರೈವರ್ ಸೀಟಿನಲ್ಲಿ ಕೂರಿಸಿ. ನೀವು ಒಂದು ಕೈಗನ್ನಡಿ ಹಿಡಿದು ಫೆಂಡರ್ (ಮುಂದಿನ ಚಕ್ರದ ಮೇಲಿನ ತಗಡು) ಮೇಲೆ, ಬಾಗಿಲ ಮೇಲೆ, ಅಲ್ಲಿ ಇಲ್ಲಿ ಇಟ್ಟು ಎಲ್ಲಿಂದ ಹಿಂದಿನ ರಸ್ತೆ ಕಾಣುತ್ತೆ ಕೇಳಿ. ಫೆಂಡರ್ ಮೇಲಿನದನ್ನು ಮುಂದಿನ ಗಾಜಿನಿಂದಲೇ ನೋಡಬಹುದು, ಕತ್ತು ಜಾಸ್ತಿ ತಿರುಗಿಸಬೇಕಿಲ್ಲ. ಆದರೆ ದೂರವಿರುವುದರಿಂದ ಚಿತ್ರ ಚಿಕ್ಕದು, ಮತ್ತೆ ಅದನ್ನು ತಿರುಗಿಸಲು ಹೊರಗೊಬ್ಬರು ಬೇಕು. ಬಾಗಿಲ ಮೇಲಿನದು ಕ್ವಾರ್ಟರ್ ಗ್ಲಾಸಿನ (ಬಾಗಿಲ ಮುಂಭಾಗದ ಮೂಲೆಯ ಚಿಕ್ಕ ಗಾಜು) ಕಂಬಿಗೆ ಮರೆಯಾಗಬಾರದು. ಬಾಗಿಲಿಗೇ ಆದರೆ ಒಳಗಿನ ಪ್ಯಾಡ್ ತೆಗೆದು, ಗಾಜು ಇಳಿಯುವ ದಾರಿಯಲ್ಲಿ ಸ್ಕ್ರೂ ತುದಿ ಬರುತ್ತಾ ಅಂತ ನೋಡಿಯೇ ಡ್ರಿಲ್ ಎತ್ತಿಕೊಳ್ಳಿ. ಮಾಸ್ಕಿಂಗ್ ಟೇಪ್ ಅಂಟಿಸಿ, ಪಂಚ್‌ನಿಂದ ಗುರುತು ಹೊಡೆದು, ಸಣ್ಣ ಬಿಟ್‌ನಿಂದ ಶುರು ಮಾಡಿ. ತೂತಿನ ಅಂಚಿಗೆ ಪ್ರೈಮರ್ ಹಚ್ಚದೆ ಸ್ಕ್ರೂ ಹಾಕಬೇಡಿ. ಮಿರರ್‌ಗೆ ಬುಧವಾರ ಇಲ್ಲವೇ ಭಾನುವಾರ ಹಳೇ ಸಾಮಾನಿನ ಸಂತೆ ಜೂನಾ ಬಜಾರ್‌ಗೆ ಒಂದು ಸುತ್ತು ಹಾಕಿ ಬನ್ನಿ.

ಪ್ರಶ್ನೆ: ಸಮುದ್ರದ ಗಾಳಿಗೆ ಮಿರರ್ ಬುಡದಲ್ಲಿ ಪ್ರತಿ ವರ್ಷ ತುಕ್ಕು. ಏನಾದರೂ ಉಪಾಯ?
– ಓದುಗರು, ವಾಸ್ಕೋ

ಉತ್ತರ: ಬುಡದ ರಬ್ಬರ್ ಗ್ಯಾಸ್ಕೆಟ್ ಸತ್ತಿರುತ್ತೆ. ಅದರಡಿ ಉಪ್ಪು ನೀರು ನಿಲ್ಲುತ್ತೆ. ಹೊಸ ರಬ್ಬರ್ ಶೀಟ್ ತಂದು ಬುಡದ ಆಕಾರಕ್ಕೆ ಕತ್ತರಿಸಿ, ಎರಡೂ ಕಡೆ ಗ್ರೀಸ್ ಸವರಿ ಕೂರಿಸಿ. ಮಳೆ ಶುರುವಾಗುವ ಮುಂಚೆ ಒಮ್ಮೆ ಬಿಚ್ಚಿ ನೋಡಿ, ಗೋವಾದಲ್ಲಿ ಇದು ತಪ್ಪಿದ್ದಲ್ಲ.

ಪ್ರಶ್ನೆ: ನಮ್ಮದು 1968ರ ಫಿಯಟ್ 1100. ವಿಂಟೇಜ್ ರಿಜಿಸ್ಟ್ರೇಶನ್‌ಗೆ ಹಾಕಬೇಕೆಂದಿದ್ದೇವೆ. ಮಿರರ್ ಬದಲಾಯಿಸಿದರೆ ಅಡ್ಡಿಯೇ?
– ಓದುಗರು, ಮಾಟುಂಗಾ

ಉತ್ತರ: 2021ರ ನಿಯಮದ ಪ್ರಕಾರ ಗಾಡಿಗೆ 50 ವರ್ಷ ದಾಟಿರಬೇಕು, ಮೂಲ ರೂಪದಲ್ಲಿರಬೇಕು. ಅದು ಹೆಸರಿಸಿ ಹೇಳುವುದು ಚಾಸಿ, ಬಾಡಿ ಶೆಲ್, ಎಂಜಿನ್ ಬದಲಾವಣೆಯನ್ನು. ಕನ್ನಡಿಯ ಗಾಜು ಬದಲಾಯಿಸಿದ್ದು ಆ ಲೆಕ್ಕಕ್ಕೆ ಬರುವಂಥದ್ದಲ್ಲ. ಆದರೂ ಹಳೇ ಮಿರರ್ ಎಸೆಯದೆ ಡಿಕ್ಕಿಯಲ್ಲಿಟ್ಟುಕೊಳ್ಳಿ. ಒಂದು ಮಾತು, ಆ ನಂಬರ್ ಪ್ಲೇಟ್ ಬಂದ ಮೇಲೆ ದಿನಾ ಓಡಿಸುವಂತಿಲ್ಲ. ತರಕಾರಿ ತರಲೂ ಅದೇ ಗಾಡಿ ಬೇಕಿದ್ದರೆ ಅರ್ಜಿ ಹಾಕುವ ಮುಂಚೆ ಮನೆಯಲ್ಲಿ ಮಾತಾಡಿಕೊಳ್ಳಿ.

ಪ್ರಶ್ನೆ: ಹೊಸದಾಗಿ ಉಬ್ಬುಗನ್ನಡಿ ಹಾಕಿಸಿದೆ. ಹಿಂದಿನ ಬಸ್ಸು ದೂರ ಇದೆ ಅನಿಸುತ್ತೆ, ನೋಡಿದರೆ ಪಕ್ಕದಲ್ಲೇ!
– ಓದುಗರು, ಡೊಂಬಿವಲಿ

ಉತ್ತರ: ಕನ್ನಡಿ ಕೆಟ್ಟಿಲ್ಲ. ಉಬ್ಬುಗನ್ನಡಿ ಜಾಸ್ತಿ ಜಾಗ ತೋರಿಸುತ್ತೆ, ಅದಕ್ಕೇ ಎಲ್ಲವೂ ಚಿಕ್ಕದಾಗಿ ದೂರ ಕಾಣುತ್ತವೆ. ಬಸ್ಸು ಇದೆಯೋ ಇಲ್ಲವೋ ಅಂತ ಅದರಲ್ಲಿ ನೋಡಿ, ಎಷ್ಟು ಹತ್ತಿರ ಇದೆ ಅಂತ ಒಳಗಿನ ಚಪ್ಪಟೆ ಕನ್ನಡಿಯಲ್ಲಿ ನೋಡಿ. ಮೊದಲು ಸೊಸೈಟಿ ಕಾಂಪೌಂಡಿನಲ್ಲಿ ಗಾಡಿ ನಿಲ್ಲಿಸಿ, ಹಿಂದೆ ಯಾರನ್ನಾದರೂ ನಡೆಸಿ ಎರಡರಲ್ಲೂ ಹೋಲಿಸಿ ನೋಡಿ. ಕಣ್ಣಿಗೆ ಬೇಗ ರೂಢಿಯಾಗುತ್ತೆ.