ಕೆರೆ ಒಂದೇ, ಕಾಲುವೆ ಹನ್ನೆರಡು

ಪ್ರಶ್ನೆ: ನನ್ನದು 4 ಕೋರ್‌ನ ಲಿನಕ್ಸ್ ಕಂಪ್ಯೂಟರ್. ಕೆವಿಎಂನಲ್ಲಿ (ಒಂದೇ ಕಂಪ್ಯೂಟರ್‌ನೊಳಗೆ ಹಲವು ಕಂಪ್ಯೂಟರ್ ನಡೆಸುವ ಲಿನಕ್ಸ್‌ನ ಸೌಲಭ್ಯ) 3 ವರ್ಚುವಲ್ ಮೆಷಿನ್ ಓಡಿಸುತ್ತೇನೆ. ನಿಧಾನ ಅಂತ ಒಂದೊಂದಕ್ಕೂ 2ರ ಬದಲು 4 ವಿಸಿಪಿಯು (ವರ್ಚುವಲ್ ಪ್ರೊಸೆಸರ್) ಕೊಟ್ಟೆ. ಮೂರಕ್ಕೂ ಕೆಲಸ ಬಿದ್ದಾಗ ಮೊದಲಿಗಿಂತ ಜಾಸ್ತಿ ತೊಡರುತ್ತವೆ. ಒಳಗೆ ಟಾಪ್ ಕಮಾಂಡ್‌ನಲ್ಲಿ ‘ಎಸ್‌ಟಿ’ ಶೇಕಡಾ 65ರ ಹತ್ತಿರ ಇರುತ್ತದೆ. ಯಾಕೆ?
— ಓದುಗರು, ಮುಳಬಾಗಿಲು

ಉತ್ತರ: ನಿಮ್ಮ ಪತ್ರ ಓದಿ ನಮ್ಮೂರ ನೀರಗಂಟಿ ನೆನಪಾದರು. ಕೋಲಾರದ ಕಡೆಯವರಿಗೆ ಬಿಡಿಸಿ ಹೇಳಬೇಕಿಲ್ಲ, ಅಲ್ವಾ? ಕೆರೆಯ ತೂಬು ಎತ್ತಿ, ಯಾರ ಗದ್ದೆಗೆ ಎಷ್ಟು ಹೊತ್ತು ನೀರು ಅಂತ ಸರದಿ ನೋಡುವವರು. ಗದ್ದೆಗೆ ಎರಡರ ಬದಲು ನಾಲ್ಕು ಕಾಲುವೆ ತೋಡಿದರೆ ಕೆರೆ ನೀರು ಹೆಚ್ಚುವುದಿಲ್ಲ. ನೀವು ತೋಡಿದ್ದು ಕಾಲುವೆ.

ಕೆವಿಎಂನಲ್ಲಿ ಒಂದೊಂದು ವಿಸಿಪಿಯು ಕೂಡ ಹೋಸ್ಟ್, ಅಂದರೆ ನಿಮ್ಮ ಅಸಲಿ ಕಂಪ್ಯೂಟರ್‌ನ ಲಿನಕ್ಸ್ ಪಾಲಿಗೆ ಒಂದು ಮಾಮೂಲಿ ಥ್ರೆಡ್, ಸರದಿಗೆ ನಿಲ್ಲುವ ಒಂದು ಕೆಲಸ. ಸರದಿ ಹಾಕುವುದೂ ಲಿನಕ್ಸ್‌ನ ಮಾಮೂಲಿ ಶೆಡ್ಯೂಲರೇ. ಹಾಗಾದರೆ ಒಳಗಿನ ಗೆಸ್ಟ್, ಅಂದರೆ ವರ್ಚುವಲ್ ಮೆಷಿನ್, ಕೋರ್ ಬಿಟ್ಟುಕೊಡದೆ ಕೂತರೆ? ಕೂರಲು ಆಗುವುದಿಲ್ಲ. ಇಡೀ ವ್ಯವಸ್ಥೆಯಲ್ಲಿ ನನಗೆ ತುಂಬ ಇಷ್ಟವಾದದ್ದು ಇದೇ. ಇಂಟೆಲ್ 2005ರಲ್ಲಿ, ಎಎಂಡಿ 2006ರಲ್ಲಿ ಇದಕ್ಕೆ ಬೇಕಾದ ಸೌಲಭ್ಯವನ್ನು ಪ್ರೊಸೆಸರ್‌ನೊಳಗೇ ತಂದವು. ಹೋಸ್ಟ್‌ನ ಟೈಮರ್ ಇಂಟರಪ್ಟ್ (ಕೆಲಸ ತಡೆದು ನಿಲ್ಲಿಸುವ ಗಡಿಯಾರದ ಕರೆ) ಬಡಿದರೆ ಸಾಕು, ಪ್ರೊಸೆಸರ್ ಗೆಸ್ಟ್‌ನಿಂದ ಹೊರಗೆ ಬರುತ್ತದೆ. ಗೆಸ್ಟ್ ತನ್ನ ಕಡೆ ಇಂಟರಪ್ಟ್ ಮುಚ್ಚಿಕೊಂಡಿದ್ದರೂ ಇದು ತಪ್ಪುವುದಿಲ್ಲ. ಇದೇ ವಿಎಂ ಎಕ್ಸಿಟ್. ರಿಜಿಸ್ಟರ್‌ಗಳನ್ನು (ಪ್ರೊಸೆಸರ್ ಕೈಯಲ್ಲಿದ್ದ ಲೆಕ್ಕವನ್ನು) ಎತ್ತಿಟ್ಟು, ಮುಂದಿನ ಸರದಿಗೆ ನಿಂತಲ್ಲಿಂದಲೇ ಓಡಿಸುತ್ತಾರೆ. ಕೆಲಸ ಮುಗಿದ ಗೆಸ್ಟ್ ತಾನೇ ಎಚ್‌ಎಲ್‌ಟಿ (‘ನಿಲ್ಲು’ ಅನ್ನುವ ಆದೇಶ) ಅನ್ನುತ್ತದೆ. ಆಗಲೂ ಕೋರ್ ಪಕ್ಕದವರ ಪಾಲು.

ಎಸ್‌ಟಿ ಅಂದರೆ ಸ್ಟೀಲ್ ಟೈಮ್. ಓಡಲು ಸಿದ್ಧವಿದ್ದೂ ಕೋರ್ ಸಿಗದೆ ಕಾದ ಹೊತ್ತು. 12 ವಿಸಿಪಿಯು, 4 ಕೋರ್. ಒಂದೊಂದಕ್ಕೂ ಮೂರನೇ ಒಂದು ಪಾಲು, ಉಳಿದ ಎರಡು ಪಾಲು ಕಾಯುವುದೇ. ನಿಮ್ಮ 65 ಅಲ್ಲಿಂದ ಬಂದದ್ದು.

2 ಕೊಟ್ಟಿದ್ದರೂ ಒಂದು ಮೆಷಿನ್‌ಗೆ ಸಿಗುವುದು ಅದೇ ಸುಮಾರು 1.33 ಕೋರ್. ಮತ್ತೆ ಈಗ ಯಾಕೆ ಜಾಸ್ತಿ ನಿಧಾನ? ಲಾಕ್‌ನಿಂದ. ಒಂದು ವಿಸಿಪಿಯು ಕರ್ನಲ್ ಲಾಕ್ (ಒಂದು ಸಲಕ್ಕೆ ಒಬ್ಬರೇ ಒಳಹೋಗುವಂತೆ ಗೆಸ್ಟ್‌ನ ಕರ್ನಲ್ ಹಾಕುವ ಬೀಗ) ಹಿಡಿದಿರುವಾಗಲೇ ಅದರ ಸರದಿ ಮುಗಿಯುತ್ತದೆ. ಉಳಿದ ಮೂರು ಆ ಲಾಕ್‌ಗಾಗಿ ಸುಮ್ನೆ ಸುತ್ತುತ್ತಾ ತಮ್ಮ ಸರದಿ ಸುಟ್ಟುಕೊಳ್ಳುತ್ತವೆ. ಬೀಗದ ಕೈ ಸೊಂಟಕ್ಕೆ ಸಿಕ್ಕಿಸಿಕೊಂಡು ಮನೆಯವರು ಮಲಗಿಬಿಟ್ಟ ಹಾಗೆ. ಇಂಥ ವ್ಯರ್ಥ ಸುತ್ತಾಟವನ್ನು ಈಗಿನ ಪ್ರೊಸೆಸರ್‌ಗಳು ಗುರುತಿಸಿ, ವರ್ಚುವಲ್ ಮೆಷಿನ್‌ಗಳನ್ನು ನಡೆಸುವ ಹೈಪರ್‌ವೈಸರ್‌ಗೆ ತಿಳಿಸುತ್ತವೆ. ಆದರೂ ನಷ್ಟ ಪೂರ್ತಿ ತಪ್ಪುವುದಿಲ್ಲ. ಹಿಂದೆ ನಾನು ಕೆಲಸಕ್ಕಿದ್ದ ಕಡೆ ಬಿಲ್ಲಿಂಗ್ ಮೆಷಿನ್ ಹೀಗೇ ಒದ್ದಾಡುತ್ತಿತ್ತು. 8ರಿಂದ 4ಕ್ಕೆ ಇಳಿಸಿದ ಸಂಜೆಯೇ ಉಸಿರಾಡಿತು.

ಮತ್ತೆ 2ಕ್ಕೆ ಇಳಿಸಿ. ಆಮೇಲೆ, ಮೂರರಲ್ಲಿ ಯಾವುದು ಮುಖ್ಯವೋ ಅದರ ಸಿಪಿಯು ಶೇರ್ (ಸರದಿಯಲ್ಲಿನ ಪಾಲು) ದುಪ್ಪಟ್ಟು ಮಾಡಿ. ಕೆವಿಎಂನಂಥದ್ದೇ ಇನ್ನೊಂದಾದ ಜೆನ್ ಬಳಸುವವರು ಇದನ್ನು ವೇಟ್ ಅನ್ನುತ್ತಾರೆ, ಮಾಮೂಲಿ 256, ದುಪ್ಪಟ್ಟು 512. ಮೂರೂ ಒಟ್ಟಿಗೆ ಮುಗಿಬಿದ್ದಾಗ ಅದಕ್ಕೆ ಹತ್ತಿರ ಹತ್ತಿರ 2 ಕೋರ್, ಉಳಿದವಕ್ಕೆ ಒಂದೊಂದು. ಯಾರಾದರೂ ಬಿಡುವಾಗಿದ್ದರೆ ಅವರ ಪಾಲು ಬೇಕಾದವರಿಗೆ ಹರಿಯುತ್ತದೆ.