ಸಂಬಳದ ಖಾತೆಯಲ್ಲೇ ಕೂತಿದ್ದ ಏಳು ಲಕ್ಷ

ಹಣಕಾಸಿನ ಸಲಹೆ ಕೇಳಿ ನನ್ನ ಬಳಿ ಬಂದವರನ್ನು ಸುಮಾ ಎಂದು ಕರೆಯೋಣ. ಹೆಸರು, ಊರು, ಒಂದಿಷ್ಟು ವಿವರ ಬದಲಿಸಿದ್ದೇನೆ. ವಯಸ್ಸು 31. ಬೆಂಗಳೂರಿನಲ್ಲಿ ಕೆಲಸ, ಕೈಗೆ ಬರುವ ಸಂಬಳ 68,000 ರೂಪಾಯಿ. ಅಪ್ಪ ಇಲ್ಲ. ಅಮ್ಮ ಹಾಸನದ ಕಡೆ ಊರಲ್ಲಿದ್ದಾರೆ.

"ಎಲ್ಲರೂ ಎಸ್‌ಐಪಿ ಮಾಡು ಅಂತಾರೆ ಮೇಡಂ. ಆ್ಯಪ್ ತೆಗೆದ್ರೆ ಕೈ ನಡುಗುತ್ತೆ" ಎಂದರು. ಎಸ್‌ಐಪಿ ಅಂದರೆ ತಿಂಗಳಿಗಿಷ್ಟು ಅಂತ ಮ್ಯೂಚುವಲ್ ಫಂಡಿಗೆ, ಅಂದರೆ ಹಲವರ ಹಣ ಸೇರಿಸಿ ಷೇರು ಮುಂತಾದವು ಕೊಳ್ಳುವ ನಿಧಿಗೆ, ಹಾಕುವುದು. ಖಾತೆಯಲ್ಲಿ 7,12,000 ರೂಪಾಯಿ ಹಾಗೇ ಕೂತಿತ್ತು. ಬಡ್ಡಿ ಶೇ. 3ಕ್ಕಿಂತ ಕಡಿಮೆ.

ಇಂಥವರಿಗೆ ನಾನು ಮೊದಲೇ ಫಂಡ್ ಹೆಸರು ಹೇಳುವುದಿಲ್ಲ. ಮನೆಯಲ್ಲಿ ಯಾವತ್ತಾದರೂ ದುಡ್ಡು ಹೋಗಿತ್ತಾ ಎಂದು ಕೇಳುತ್ತೇನೆ. ಎರಡನೇ ಭೇಟಿಗೆ ಸುಮಾ ಅಪ್ಪನ ಚೀಟಿ ಪುಸ್ತಕ ತಂದರು. ತಿಂಗಳಿಗೆ 2,000, ಪಕ್ಕದಲ್ಲಿ ತಾರೀಕು, ಸಹಿ. ಹದಿನೇಳನೇ ಸಾಲಿನ ನಂತರ ಸಹಿ ಇಲ್ಲ. ಚೀಟಿ ನಡೆಸುತ್ತಿದ್ದವರು ರಾತ್ರೋರಾತ್ರಿ ಊರು ಬಿಟ್ಟಿದ್ದರು. ಆ ವರ್ಷ ಸುಮಾ ಅವರ ಕಾಲೇಜು ಫೀಸಿಗೆ ಅಮ್ಮನ ಬಳೆ ಅಡವಿಗೆ ಹೋಯಿತು.

ಈ ಭಯವನ್ನು ದಡ್ಡತನ ಎನ್ನಲು ನನಗೆ ಮನಸ್ಸಾಗುವುದಿಲ್ಲ. ಆದರೆ ಅದರಲ್ಲಿ ಎರಡು ಭಯ ಕಲೆಸಿಹೋಗಿದ್ದವು. ಯಾರೋ ದುಡ್ಡು ಎತ್ತಿಕೊಂಡು ಓಡುವುದು ಬೇರೆ, ಬೆಲೆ ಇಳಿಯುವುದು ಬೇರೆ. ಮ್ಯೂಚುವಲ್ ಫಂಡಿನ ಷೇರುಗಳು ಷೇರುಪೇಟೆಯ ನಿಯಂತ್ರಕ ಸೆಬಿಯ ನಿಯಮದಂತೆ ಬೇರೆ ಸಂಸ್ಥೆಯ ಸುಪರ್ದಿಯಲ್ಲಿ ಇರುತ್ತವೆ, ಫಂಡ್ ಮಾರಿದವರ ಕೈಯಲ್ಲಲ್ಲ. ಬೆಲೆ ಮಾತ್ರ ಇಳಿದೇ ಇಳಿಯುತ್ತದೆ. 2020ರ ಜನವರಿಯಲ್ಲಿ 12,000 ದಾಟಿದ್ದ ನಿಫ್ಟಿ (50 ದೊಡ್ಡ ಕಂಪನಿಗಳ ಷೇರು ಸೂಚ್ಯಂಕ) ಮಾರ್ಚ್ 23ಕ್ಕೆ 7,600ರ ಹತ್ತಿರ ಬಂದಿತ್ತು. ಹಳೆಯ ಮಟ್ಟ ಮುಟ್ಟಿದ್ದು ನವೆಂಬರ್‌ನಲ್ಲಿ.

"ನೀವು ಹಾಕಿದ ಒಂದು ಲಕ್ಷ ಇಳಿದು 62 ಸಾವಿರ ಅಂತ ಕಂಡ್ರೆ?"

"ನಿದ್ದೆ ಬರಲ್ಲ."

"ಮೂರು ಸಾವಿರ ಎರಡು ಸಾವಿರಕ್ಕೆ ಇಳಿದ್ರೆ?"

"ಅಷ್ಟು ತಡ್ಕೊಬಹುದು."

ಆಮೇಲೆ ಯುಎಎನ್ (ಪಿಎಫ್ ಸದಸ್ಯರ ಸಂಖ್ಯೆ) ಹಾಕಿ ಪಿಎಫ್ ಪಾಸ್‌ಬುಕ್ ತೆಗೆಸಿದೆ. ಅವರು ಅದನ್ನು ನೋಡಿಯೇ ಇರಲಿಲ್ಲ. ಮೂರು ಲಕ್ಷಕ್ಕೂ ಜಾಸ್ತಿ ಇತ್ತು! ಪಿಎಫ್ ನೋಡಿಕೊಳ್ಳುವ ಇಪಿಎಫ್‌ಒ ಹೊಸದಾಗಿ ಬರುವ ಹಣದ ಸಣ್ಣ ಪಾಲನ್ನು 2015ರಿಂದ ಇಟಿಎಫ್ (ಷೇರುಪೇಟೆಯಲ್ಲೇ ಕೊಂಡು ಮಾರುವ ಫಂಡ್) ಮೂಲಕ ಷೇರುಪೇಟೆಗೂ ಹಾಕುತ್ತಿದೆ. ಅಂದರೆ ಸುಮಾ ಆರು ವರ್ಷದಿಂದ ಹೂಡಿಕೆ ಮಾಡುತ್ತಲೇ ಇದ್ದರು. ಇದನ್ನು ಹೇಳಿದಾಗ ಕುರ್ಚಿಗೆ ಒರಗಿ ಕೂತರು. ಅಲ್ಲಿಯವರೆಗೆ ತುದಿಯಲ್ಲೇ ಕೂತಿದ್ದರು.

ಅಮ್ಮನಿಗೆ ಕಳಿಸುವುದೂ ಸೇರಿ ತಿಂಗಳ ಖರ್ಚು 33,000. ಆರು ತಿಂಗಳಿಗೆ ಆಗುವಷ್ಟು, ಅಂದರೆ ಎರಡು ಲಕ್ಷ, ಬೇರೆ ಬ್ಯಾಂಕಿನಲ್ಲಿ ಎಫ್‌ಡಿ ಇಡಿ ಎಂದೆ. ಊರಿನ ಮನೆಯ ಚಾವಣಿ ಎರಡು ವರ್ಷದೊಳಗೆ ರಿಪೇರಿ ಆಗಬೇಕು. ಅದಕ್ಕಿರುವ ಎರಡು ಲಕ್ಷವೂ ಷೇರುಪೇಟೆಯ ಹತ್ತಿರ ಹೋಗುವುದು ಬೇಡ. ಕಂಪನಿಯ ಆರೋಗ್ಯ ವಿಮೆ ಕೆಲಸ ಬಿಟ್ಟರೆ ಹೋಗುತ್ತದೆ, ಹಾಗಾಗಿ ಅಮ್ಮನಿಗೆ ಪ್ರತ್ಯೇಕ ಪಾಲಿಸಿ ಬೇಕು. ನಿಫ್ಟಿಯ ಆ 50 ಕಂಪನಿಗಳ ಷೇರನ್ನೇ ಕೊಳ್ಳುವ ನಿಫ್ಟಿ 50 ಇಂಡೆಕ್ಸ್ ಫಂಡಿನ ಡೈರೆಕ್ಟ್ ಪ್ಲಾನ್‌ನಲ್ಲಿ (ಏಜೆಂಟ್ ಕಮಿಷನ್ ಇಲ್ಲದ್ದು) ತಿಂಗಳಿಗೆ 3,000 ಸಾಕು. ಒಂದು ವರ್ಷ ಅದನ್ನು ಏರಿಸಬೇಡಿ. ಉಳಿದದ್ದನ್ನೂ ಸದ್ಯಕ್ಕೆ ಎಫ್‌ಡಿಗೇ ಹಾಕಿ.

ಕಷ್ಟದ್ದು ಸೋದರಮಾವನ ವಿಷಯ. ವರ್ಷಕ್ಕೆ 60,000 ಕಟ್ಟುವ ಪಾಲಿಸಿಗೆ ಸಹಿ ಹಾಕು ಎಂದು ಹಿಂದೆ ಬಿದ್ದಿದ್ದರು. ಜಗಳ ಬೇಡ, ಹೀಗೆ ಹೇಳಿ ಎಂದೆ: "ಮಾವ, ವಿಮೆ ಬೇರೆ, ಉಳಿತಾಯ ಬೇರೆ ಇಟ್ಕೋತೀನಿ. ಅಮ್ಮ ನನ್ನ ನಂಬ್ಕೊಂಡಿದ್ದಾರೆ, ನಾನಿಲ್ಲದಿದ್ರೆ ಮಾತ್ರ ದುಡ್ಡು ಬರೋ ಟರ್ಮ್ ಪಾಲಿಸಿ ಬೇಕು. ಅದನ್ನ ನೀವೇ ಮಾಡಿಸ್ಕೊಡಿ."

ನಾಲ್ಕು ತಿಂಗಳ ನಂತರ ಸುಮಾ ಫೋನ್ ಮಾಡಿದರು. ಹಾಕಿದ 12,000 ಆವತ್ತು 11,640 ತೋರಿಸುತ್ತಿತ್ತು. ತೆಗೆದಿರಲಿಲ್ಲ. ಮಾವ ಟರ್ಮ್ ಪಾಲಿಸಿ ಮಾಡಿಸಿಕೊಟ್ಟಿದ್ದರು. ಅಮ್ಮನ ಪಾಲಿಸಿಯಲ್ಲಿ ಬಿಪಿಗೆ ಕಾಯುವ ಅವಧಿ ಇದೆಯಂತೆ, ಅದು ಮುಗಿಯುವವರೆಗೆ ಬಿಪಿಯ ಖರ್ಚು ವಿಮೆಯಿಂದ ಸಿಗುವುದಿಲ್ಲ. ಹಾಗಾದರೆ ಆರು ತಿಂಗಳ ಖರ್ಚಿನ ಆ ಎರಡು ಲಕ್ಷದ ಜೊತೆ ಇನ್ನೂ ಐವತ್ತು ಸಾವಿರ ಇಡಿ ಎಂದೆ.